ನನ್ನ ಪಾಠ ಕೇಳದವರೊಬ್ಬರನ್ನು ಹುಡುಕಿಕೊಡಿ

ಶಿಕ್ಷಕರ ಪರವಾನಗಿ ಪ್ರಾಧಿಕಾರದ ಮಾನ್ಯ ಮುಖ್ಯಾಧಿಕಾರಿಗಳೇ,

ನನಗೆ ಪಾಠ ಮಾಡಲು ಬರುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವರದಿ ಬರೆದುಕೊಟ್ಟಳು. ಅವಳು ನನ್ನ ವಿದ್ಯಾರ್ಥಿನಿ ಎಂಬ ಕಾರಣಕ್ಕೇ ತಾವು ಅದನ್ನು ತಳ್ಳಿಹಾಕಿದಿರಿ. ವಿಷಯ ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ತಳ್ಳಿಹಾಕಿಸಿಕೊಂಡು ನನಗೆ ರೂಢಿಯಾಗಿದೆ. ಆದರೆ ಈಗ ಅವಳಿಗೂ ನೋಟಿಸು ಕಳಿಸಿದ್ದೀರಿ. ಹಾಗಾಗಿ ತಮ್ಮ ಕಚೇರಿಯ ಕಿಟಕಿಯಲ್ಲಿ ಬಗ್ಗಿ ನಿಂತು ಮೆಲ್ಲಗೆ ಹೇಳುತ್ತಿದ್ದ ಮಾತನ್ನು ಇಂದು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಹೇಳಬೇಕಾಗಿದೆ. ಸಿಟ್ಟಿನ ಪತ್ರ ಎಂದು ತಿಳಿಯಬೇಡಿ. ಸಿಟ್ಟು ಮಾಡುವುದಕ್ಕೂ ಸ್ವಲ್ಪ ತ್ರಾಣ ಬೇಕು.

ನಾನು ಸಣ್ಣ ಊರೊಂದರ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಹೇಳಿಕೊಡುತ್ತಿದ್ದವಳು ಎಂದು ತಮ್ಮವರು ತಿದ್ದಬಹುದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವಿಜ್ಞಾನದ ಪದವಿಯೊಂದಿದ್ದರೆ ಸಾಕಿತ್ತು. ಪ್ರತಿ ರಜೆಯ ಕೊನೆಗೆ ಹೊಸ ಆದೇಶ ಬರುತ್ತಿತ್ತು, ನಾನು ಮತ್ತೆ ಒಂದು ವರ್ಷದ ಮಟ್ಟಿಗೆ ಶಿಕ್ಷಕಿಯಾಗುತ್ತಿದ್ದೆ. ಹಾಗೆ ಒಂದೊಂದೇ ವರ್ಷದ ಲೆಕ್ಕದಲ್ಲಿ ತಲೆಗೂದಲು ಬೆಳ್ಳಗಾಯಿತು. ಊರಿನಲ್ಲಿ ಇರುವುದು ಒಂದೇ ಪ್ರೌಢಶಾಲೆ. ಆಸ್ಪತ್ರೆಯಲ್ಲಿ ನನಗೆ ಇಂಜೆಕ್ಷನ್ ಕೊಡುವ ನರ್ಸ್, ಬ್ಯಾಂಕಿನ ಕ್ಯಾಷಿಯರ್, ಬಸ್ಸಿನ ಕಂಡಕ್ಟರ್, ನಮ್ಮ ಮನೆಯ ಮೋಟಾರು ರಿಪೇರಿ ಮಾಡುವವನು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ಬೆವರಿದವರೇ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ; ಈ ಪ್ರಕರಣದಲ್ಲಿ ಇದು ನನ್ನ ಮೇಲಿನ ಆರೋಪ.

ಶಿಕ್ಷಕರಿಗೆ ಪರವಾನಗಿ ಬೇಡ ಎಂದು ವಾದಿಸುವವಳು ನಾನಲ್ಲ. ಶಾಲಾ ಸಮಿತಿಯ ಅಧ್ಯಕ್ಷರ ಭಾಮೈದ ಎಂಬ ಏಕೈಕ ಅರ್ಹತೆಯ ಮೇಲೆ ಒಬ್ಬರು ನಮ್ಮಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಮುಖದ ಮೇಲೆ ಪತ್ರಿಕೆ ಹೊದ್ದುಕೊಂಡು ಅವರು ತೆಗೆದ ನಿದ್ದೆಗೆ ನಾನೇ ಸಾಕ್ಷಿ. ಅಂಥವರ ಕೈಗೆ ಮಕ್ಕಳು ಸಿಗಬಾರದು. ಆದ್ದರಿಂದಲೇ ತಮ್ಮ ಹೊಸ ನಿಯಮ ಬಂದಾಗ ಸ್ಟಾಫ್ ರೂಮಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು ನಾನು.

ನಮ್ಮ ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಮೇಡಂ, ಚಪ್ಪಾಳೆ ಆಮೇಲೆ ತಟ್ಟೋಣ. ಮೊದ್ಲು ಕೊನೇ ಪುಟ ಓದಿ."

ಪರವಾನಗಿ ಇಲ್ಲದ ಯಾರಿಗೂ, ಅವರ ಸೇವೆ ಎಷ್ಟೇ ದೀರ್ಘವಾಗಿದ್ದರೂ, ವಿನಾಯಿತಿ ಇಲ್ಲ ಎಂದು ಕೊನೆಯ ಪುಟದಲ್ಲಿತ್ತು. ಸಂಜೆ ಮನೆಯಲ್ಲಿ ಹೇಳಿದೆ. ನನ್ನ ಅತ್ತೆಗೆ ಕಿವಿ ಸ್ವಲ್ಪ ಮಂದ, ಬುದ್ಧಿ ಚೂರೂ ಮಂದವಲ್ಲ. ಎರಡು ಸಲ ಹೇಳಿಸಿಕೊಂಡು, "ಹಾಗಾದ್ರೆ ಇಷ್ಟು ವರ್ಷ ಬೆಳಗಾಗೆದ್ದು ಡಬ್ಬಿ ಕಟ್ಕೊಂಡು ನೀನು ಎಲ್ಲಿಗೆ ಹೋಗ್ತಿದ್ದೆ?" ಎಂದು ಕೇಳಿದರು. ತಮಾಷೆಗೇ ಕೇಳಿದ್ದು. ಆದರೂ ಮರುದಿನವೇ ಪರವಾನಗಿಯ ಪರೀಕ್ಷೆಗೆ ಅರ್ಜಿ ತುಂಬಿದೆ.

ಪರೀಕ್ಷೆಗೆ ಕೂತೆ. ಹಾಲ್‌ನ ಬಾಗಿಲಲ್ಲಿದ್ದ ಹುಡುಗಿ ನನ್ನನ್ನು ತಡೆದು, "ಆಂಟಿ, ಪೇರೆಂಟ್ಸ್ ಎಲ್ಲ ಗೇಟಿನಾಚೆ ಇರ್ಬೇಕು" ಎಂದಳು. ಪ್ರವೇಶಪತ್ರ ತೋರಿಸಿದೆ. ಪಾಪ, ಅವಳ ಮುಖ ಸಣ್ಣದಾಯಿತು. ಪಾಸಾದೆ. ನಿಲ್ಲಲು ಕಾಲಿದೆ, ನೋಡಲು ಕಣ್ಣಿದೆ ಎಂದು ವೈದ್ಯರಿಂದ ಬರೆಸಿಕೊಂಡೆ. ಕಳ್ಳಿಯಲ್ಲ ಎಂದು ಪೊಲೀಸರಿಂದ ಬರೆಸಿಕೊಂಡೆ. ಉಳಿದದ್ದು ಕೊನೆಯ ಮೆಟ್ಟಿಲು: ಮೇಲ್ವಿಚಾರಣೆಯ ಬೋಧನಾಭ್ಯಾಸ. ಪರವಾನಗಿ ಇರುವ, ಅದೇ ವಿಷಯದ ಶಿಕ್ಷಕರೊಬ್ಬರು ಮಾರ್ಗದರ್ಶಕರಾಗಿ ತರಗತಿಯ ಹಿಂದೆ ಕೂತು ಅರ್ಧ ವರ್ಷದ ಒಂದು ಅವಧಿ ಪೂರ್ತಿ ನನ್ನ ಪಾಠ ನೋಡಬೇಕು, ವರದಿ ಬರೆಯಬೇಕು. ಅಲ್ಲಿಯವರೆಗೆ ನನಗೆ ತಾತ್ಕಾಲಿಕ ಅನುಮತಿ.

ನಮ್ಮ ಶಾಲೆಯಲ್ಲಿ ಪರವಾನಗಿ ಇರುವ ಗಣಿತದ ಶಿಕ್ಷಕಿ ಒಬ್ಬಳೇ. ಓದುವಾಗ ತರಗತಿಯಲ್ಲೆಲ್ಲ ಅವಳೇ ಕುಳ್ಳಿ, ಅದಕ್ಕೇ ಮಕ್ಕಳು ಅವಳಿಗೆ ಜೀರಿಗೆ ಎಂದು ಹೆಸರಿಟ್ಟಿದ್ದರು. ನನ್ನ ಬಾಯಲ್ಲೂ ಅದೇ ಉಳಿದಿದೆ. ನನ್ನ ಹತ್ತಿರ ಗಣಿತ ಕಲಿತು, ಕಾಲೇಜು ಮುಗಿಸಿ, ತಮ್ಮ ಪರವಾನಗಿಯನ್ನು ಮೊದಲ ಪ್ರಯತ್ನದಲ್ಲೇ ಪಡೆದು ನಮ್ಮಲ್ಲಿಗೇ ಬಂದವಳು.

ಮೊದಲ ದಿನ ಜೀರಿಗೆ ಬಾಗಿಲಲ್ಲೇ ನಿಂತಳು, ಒಳಗೆ ಬರಲೊಲ್ಲಳು.

"ನಿಮ್ಮ ಪಾಠ ನಾನು ಹೇಗೆ ಮೇಡಂ ನೋಡ್ಲಿ?"

"ಕಣ್ಣಿಂದ ನೋಡು. ಬಂದು ಕೂತ್ಕೋ."

"ಕುರ್ಚಿ ಬೇಡ ಮೇಡಂ. ಮಕ್ಕಳ ಜೊತೆ ಬೆಂಚಲ್ಲಿ ಕೂತ್ಕೋತೀನಿ."

"ನಿಯಮದಲ್ಲಿ ಕುರ್ಚಿ ಅಂತಾನೇ ಇದೆ ಕಣೇ. ಕೂತ್ಕೋ, ಗಂಟೆ ಹೊಡೀತು."

ಮಕ್ಕಳು ಕಿಸಕ್ಕನೆ ನಕ್ಕರು. ಅವಳು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ನಿಲ್ಲುವವಳಂತೆ ಕೂತಳು. ಮೊದಲ ಕೆಲವು ವಾರ ಅವಳು ಬರೆದದ್ದು ಒಂದೇ ಮಾತು: ಅತ್ಯುತ್ತಮ. ನನಗೆ ರೇಗಿತು. ಸ್ಟಾಫ್ ರೂಮಿಗೆ ಕರೆದು, "ನಿನ್ನ ಉತ್ತರಪತ್ರಿಕೇಲಿ ತಪ್ಪಿದ್ರೂ ನಾನು ಚೆನ್ನಾಗಿದೆ ಅಂತ ಬರೀತಿದ್ನಾ?" ಎಂದು ಕೇಳಿದೆ.

"ಇಲ್ಲ ಮೇಡಂ."

"ಮತ್ತೆ? ನಿನಗೆ ಕಂಡದ್ದು ಹೇಳು. ಇಲ್ಲದಿದ್ರೆ ಎದ್ದು ಹೋಗು, ಆ ಕುರ್ಚಿ ದಂಡ."

ಮರುವಾರ ತರಗತಿ ಮುಗಿದ ಮೇಲೆ ಅವಳು ಕಾರಿಡಾರಿನಲ್ಲಿ ನನಗೆ ಅಡ್ಡ ನಿಂತಳು. ನೆಲ ನೋಡುತ್ತಲೇ, "ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಪ್ರಶ್ನೆ ಕೇಳ್ತೀರಿ. ಮಕ್ಕಳು ಬಾಯಿ ತೆರೆಯೋಷ್ಟ್ರಲ್ಲಿ ನೀವೇ ಉತ್ತರ ಹೇಳಿಬಿಡ್ತೀರಿ. ಅವ್ರಿಗೂ ಗೊತ್ತಾಗಿಬಿಟ್ಟಿದೆ, ಸುಮ್ನೆ ಕೂತ್ರೆ ಸಾಕು, ಮೇಡಮ್ಮೇ ಹೇಳ್ತಾರೆ ಅಂತ" ಎಂದಳು.

ಬೇಜಾರಾಯಿತು. ಸುಳ್ಳು ಏಕೆ ಹೇಳಲಿ. ಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕಿವಿ ಮಂದವಿರುವ ಅತ್ತೆಗೂ ಆ ಸದ್ದು ಕೇಳಿಸಿತು. ಮಾರನೆಯ ದಿನ ಸಮೀಕರಣದ ಪಾಠದಲ್ಲಿ ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡೆ. ತರಗತಿಗೆ ಗರ ಬಡಿದಂತಾಯಿತು. ಫ್ಯಾನು ಕಿರುಗುಟ್ಟುತ್ತಿತ್ತು. ಯಾರೋ ಕೆಮ್ಮಿದರು. ಉತ್ತರ ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು, ಮೇಜಿನ ಅಂಚು ಹಿಡಿದು ತಡೆದುಕೊಂಡೆ. ಆಗ ಕಿಟಕಿಯ ಪಕ್ಕದ ಬೆಂಚಿನಿಂದ, ಹಾಜರಿಗೆ ಬಿಟ್ಟರೆ ನಾನು ದನಿಯನ್ನೇ ಕೇಳಿರದ ಹುಡುಗಿಯೊಬ್ಬಳು, "ಎರಡೂ ಕಡೆಯಿಂದ ಅಷ್ಟೇ ಕಳೆದ್ರೆ ಸಮಾನೇ ಇರುತ್ತಲ್ವಾ ಮೇಡಂ?" ಎಂದಳು. ಹಿಂದೆ ಕುರ್ಚಿಯಲ್ಲಿ ಜೀರಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದಳು.

ಮಾನ್ಯರೇ, ಇದನ್ನು ದಯವಿಟ್ಟು ಗಮನಿಸಬೇಕು. ತಮ್ಮ ನಿಯಮ ಕೆಲಸ ಮಾಡಿತು. ಮಾರ್ಗದರ್ಶಕರು ಹಿಂದೆ ಕೂರುತ್ತಾರೆ, ನೋಡುತ್ತಾರೆ, ಶಿಕ್ಷಕರು ತಿದ್ದಿಕೊಳ್ಳುತ್ತಾರೆ ಎಂದು ತಮ್ಮ ಸುತ್ತೋಲೆಯಲ್ಲಿ ಏನು ಬರೆದಿತ್ತೋ ಅದು ಕೊಠಡಿಯೊಂದರಲ್ಲಿ ಅಕ್ಷರಶಃ ನಡೆಯಿತು. ಈ ನಾಡಿನಲ್ಲಿ ಎಷ್ಟು ಕಡೆ ನಡೆದಿದೆಯೋ ನನಗೆ ತಿಳಿಯದು. ನಡೆದ ಈ ಒಂದು ಕಡೆಯನ್ನೇ ಹುಡುಕಿ ತಾವು ಶಿಕ್ಷಿಸಿದಿರಲ್ಲ, ಆ ಜಾಣ್ಮೆ ಯಾರದು?

ಅವಧಿ ಮುಗಿದಾಗ ಜೀರಿಗೆ ವರದಿ ಬರೆದಳು. ಅದರ ಮೊದಲ ಸಾಲು ಹೀಗಿತ್ತು: "ಅಭ್ಯರ್ಥಿಯು ನನಗೆ ಗಣಿತ ಕಲಿಸಿದ ಶಿಕ್ಷಕಿ, ಇದನ್ನು ಗಮನದಲ್ಲಿರಿಸಿಕೊಂಡೇ ಮುಂದಿನದನ್ನು ಓದಬೇಕು." ಆಮೇಲೆ ನನ್ನ ಕುಂದುಗಳು, ಆಮೇಲೆ ನಾನು ತಿದ್ದಿಕೊಂಡ ಬಗೆ, ಕೊನೆಯಲ್ಲಿ ಶಿಫಾರಸು. ಸಹಿ ಹಾಕುವ ಮೊದಲು ಹೆಡ್‌ಮಾಸ್ಟರು ಆ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾಕಮ್ಮಾ? ಯಾರೂ ಕೇಳಿಲ್ವಲ್ಲ."

"ನಿಜ ಅಲ್ವಾ ಸರ್?"

"ನಿಜಾನೇ. ಅದಕ್ಕೇ ನಂಗೆ ಭಯ."

ಅವರ ಭಯ ಸುಳ್ಳಾಗಲಿಲ್ಲ. "ಮಾರ್ಗದರ್ಶಕರಿಗೆ ಅಭ್ಯರ್ಥಿಯೊಂದಿಗೆ ಪೂರ್ವಪರಿಚಯವಿರುವುದು ಕಂಡುಬಂದಿರುವುದರಿಂದ ವರದಿಯನ್ನು ಪರಿಗಣಿಸಲಾಗದು" ಎಂದು ತಮ್ಮ ಕಚೇರಿ ತಿಳಿಸಿತು. ಕಂಡುಬಂದಿದೆಯಂತೆ! ತಾವೇನು ಗೂಢಚಾರರನ್ನು ಬಿಟ್ಟು ಪತ್ತೆಹಚ್ಚಿದಿರಾ? ಅವಳೇ ಹೇಳಿದಳು, ತಾವು ಓದಿದಿರಿ. ಆ ಸಾಲು ಇಲ್ಲದಿದ್ದರೆ ಈ ಹೊತ್ತಿಗೆ ನನ್ನ ಕೈಯಲ್ಲಿ ಪರವಾನಗಿ ಇರುತ್ತಿತ್ತು. ಮುಚ್ಚಿಟ್ಟವರಿಗೆ ಪರವಾನಗಿ, ಹೇಳಿದವರಿಗೆ ತಿರಸ್ಕಾರ ಎಂದಾದರೆ, ಶಿಕ್ಷಕರಿಗೆ ತಾವು ಕಲಿಸುತ್ತಿರುವುದಾದರೂ ಏನು?

ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ಉದ್ದನೆಯ ಕಾರಿಡಾರು, ಗೋಡೆಗೊರಗಿದ ಬೆಂಚುಗಳು, ಪ್ಲಾಸ್ಟಿಕ್ ಕವರಿನಲ್ಲಿ ತಮ್ಮ ತಮ್ಮ ಬದುಕನ್ನು ಎದೆಗವುಚಿಕೊಂಡು ಕೂತ ಶಿಕ್ಷಕರು. ಒಬ್ಬರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಕಿಟಕಿಯ ಒಳಗಿದ್ದ ಗುಮಾಸ್ತ ನನ್ನ ಮುಖ ನೋಡಿದ್ದೇ ತಡ, ಅತ್ತಿತ್ತ ಕಣ್ಣು ಹಾಯಿಸಿ ಮುಂದೆ ಬಾಗಿದ.

"ಮೇಡಂ, ನಾನು ನಿಮ್ಮ ಸ್ಟೂಡೆಂಟು. ಜೋರಾಗಿ ಮಾತಾಡ್ಬೇಡಿ. ನಮ್ಮಿಬ್ರಿಗೂ ಪರಿಚಯ ಅಂತ ಗೊತ್ತಾದ್ರೆ ಫೈಲು ಪಕ್ಕದ ಟೇಬಲ್ಲಿಗೆ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡಪ್ಪಾ."

"ಅವ್ರು ಲಾಂಗ್ ಲೀವಲ್ಲಿದ್ದಾರೆ ಮೇಡಂ."

ನಾವಿಬ್ಬರೂ ಈವರೆಗೆ ಮುಖ ಕಾಣದವರಂತೆ ಗಂಟಲು ಸರಿಮಾಡಿಕೊಂಡು ಮಾತು ಮುಂದುವರಿಸಿದೆವು. ಅವನು ತಿಳಿಸಿಕೊಟ್ಟದ್ದಿಷ್ಟು: ಬೇರೆ ಊರಿನ ಮಾರ್ಗದರ್ಶಕರು ಒಂದು ಅವಧಿ ನಮ್ಮ ಶಾಲೆಗೆ ಬರಬೇಕು, ಇಲ್ಲವೇ ನಾನು ಅವರ ಶಾಲೆಗೆ ಹೋಗಿ ಪಾಠ ಮಾಡಬೇಕು. ತನ್ನ ಗಣಿತದ ಮೇಷ್ಟ್ರನ್ನು ಅಷ್ಟು ಕಾಲ ನಮಗೆ ಬಿಟ್ಟುಕೊಡುವ ಶಾಲೆ ಎಲ್ಲಿದೆ? ನನ್ನ ತಾತ್ಕಾಲಿಕ ಅನುಮತಿಯೂ ಮುಗಿದಿರುವಾಗ ತರಗತಿಯೊಳಗೆ ಬಿಟ್ಟುಕೊಳ್ಳುವ ಶಾಲೆ ಯಾವುದು? ಪಾಠ ಮಾಡಲು ಪರವಾನಗಿ ಬೇಕು, ಪರವಾನಗಿಗೆ ಪಾಠ ಮಾಡಿರಬೇಕು. ಇದನ್ನು ಉತ್ತರವಿಲ್ಲದ ಸಮೀಕರಣ ಎನ್ನುತ್ತಾರೆ, ಮಾನ್ಯರೇ. ಒಂಬತ್ತನೆಯ ತರಗತಿಯಲ್ಲಿ ಬರುತ್ತದೆ.

ಈಗ ನಮ್ಮ ಶಾಲೆಯಲ್ಲಿ ಎರಡು ವಿಭಾಗಗಳನ್ನು ಒಟ್ಟುಗೂಡಿಸಿ ಪ್ರಾರ್ಥನೆಯ ಹಾಲ್‌ನಲ್ಲಿ ಕೂರಿಸಿದ್ದಾರೆ. ಜೀರಿಗೆ ಒಬ್ಬಳೇ ಎಲ್ಲರಿಗೂ ಕೂಗಿ ಕೂಗಿ ಪಾಠ ಹೇಳುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಅವಳ ಗಂಟಲು ಕಟ್ಟಿರುತ್ತದೆ. ನನಗೆ ಗ್ರಂಥಾಲಯದ ಬೀಗದ ಕೈ ಕೊಟ್ಟಿದ್ದಾರೆ. ಪುಸ್ತಕ ಎತ್ತಿಕೊಡಲು ಪರವಾನಗಿ ಬೇಕಿಲ್ಲ. ಕೆಲವು ಮಕ್ಕಳು ಕಥೆಪುಸ್ತಕದೊಳಗೆ ಲೆಕ್ಕದ ಹಾಳೆ ಅಡಗಿಸಿಕೊಂಡು ಬರುತ್ತಾರೆ. ಆಗ ನಾನೇನು ಮಾಡುತ್ತೇನೆ ಎಂಬುದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ.

ಇಷ್ಟನ್ನೂ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಕಳೆದ ವಾರ ಜೀರಿಗೆಗೆ ತಮ್ಮ ನೋಟಿಸು ಬಂತು: "ಪೂರ್ವಪರಿಚಯವಿದ್ದೂ ಮೌಲ್ಯಮಾಪನ ನಡೆಸಿದ್ದಕ್ಕಾಗಿ ತಮ್ಮ ಪರವಾನಗಿಯನ್ನು ಏಕೆ ಅಮಾನತಿನಲ್ಲಿಡಬಾರದು?" ಊಟದ ಬಿಡುವಿನಲ್ಲಿ ಅವಳು ಗ್ರಂಥಾಲಯಕ್ಕೆ ಬಂದಳು. ಮಕ್ಕಳ ಸ್ಟೂಲಿನ ಮೇಲೆ ಕೂತಳು. ಕಟ್ಟಿದ ಗಂಟಲಲ್ಲೇ ಕೇಳಿದಳು:

"ಮೇಡಂ, ಆ ಮೊದಲ್ನೇ ಸಾಲು ನಾನು ಬರೀಬಾರದಿತ್ತಾ?"

ಬರೆದದ್ದು ಸರಿ ಎಂದರೆ, ಸರಿ ಮಾಡಿದ್ದಕ್ಕೇ ಅವಳ ಕೆಲಸ ಹೋಗುತ್ತದೆ ಎಂದೂ ಹೇಳಬೇಕು. ಬರೆಯಬಾರದಿತ್ತು ಎಂದರೆ, ಮರುದಿನ ಯಾವ ಮುಖ ಹೊತ್ತು ಶಾಲೆಯ ಗೇಟು ದಾಟಲಿ?

"ಊಟ ಮಾಡಿದ್ಯಾ?" ಎಂದೆ.

"ಇಲ್ಲ ಮೇಡಂ."

ನನ್ನ ಡಬ್ಬಿ ತೆರೆದೆ. ಇಬ್ಬರೂ ಅದರಲ್ಲೇ ತಿಂದೆವು. ಗಂಟೆ ಹೊಡೆಯಿತು, ಅವಳು ಕೈತೊಳೆದು ಹಾಲ್‌ಗೆ ಹೋದಳು. ಈ ಪತ್ರ ಬರೆಯುತ್ತಿರುವುದು ಅವಳಿಗೆ ತಿಳಿಯದು. ತಿಳಿದಿದ್ದರೆ ಬೇಡ ಎನ್ನುತ್ತಿದ್ದಳು.

ನನ್ನ ಒತ್ತಾಯ ಇಷ್ಟು. ಅವಳ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಅದೂ ಬಾಯಿಮಾತಿನಲ್ಲಲ್ಲ, ಬರಹದಲ್ಲಿ. ನನ್ನ ವಿಷಯಕ್ಕೆ ಬಂದರೆ, ಪರಿಚಯವಿಲ್ಲದ ಕಣ್ಣೇ ಬೇಕೆಂದಿದ್ದರೆ ತಮ್ಮ ಕಚೇರಿಯಲ್ಲಿ ನನ್ನ ಪಾಠ ಕೇಳದವರೊಬ್ಬರನ್ನು ಹುಡುಕಿ ಕಳಿಸಿಕೊಡಿ. ಯಾರಾದರೂ ಆದೀತು, ತಾವೇ ಬಂದರೆ ಇನ್ನೂ ಸಂತೋಷ. ಬಂದು ನೋಡಿ, ಕಂಡದ್ದನ್ನು ಬರೆಯಿರಿ. ಅದೂ ಕಷ್ಟವೆಂದರೆ ಬಿಡಿ. ನನಗೆ ನಿವೃತ್ತಿ ಹತ್ತಿರವಿದೆ, ಕಥೆಪುಸ್ತಕಗಳ ಧೂಳು ಕೊಡವುತ್ತ ಕಳೆದುಬಿಡುತ್ತೇನೆ. ಅವಳು ಇನ್ನೂ ಬಹಳ ವರ್ಷ ಮಕ್ಕಳ ಮುಂದೆ ನಿಲ್ಲಬೇಕಾದವಳು. ಆ ಸಾಲು ಬರೆಯಬಾರದಿತ್ತೇ ಎಂದು ಅವಳು ಕೇಳಿದ್ದು ನನ್ನನ್ನಾದರೂ, ಉತ್ತರ ಹೇಳಬೇಕಾದವರು ತಾವು. ಹೇಳಿ, ಅವಳಿಗೆ ಏನು ಹೇಳಲಿ?

ಇಂತಿ,
ಊರಿಗೆಲ್ಲ ಪೂರ್ವಪರಿಚಿತಳಾದ,
ತಮ್ಮ ಕಡತದಲ್ಲಿ ಇನ್ನೂ ಅಭ್ಯರ್ಥಿಯಾಗಿರುವ
ಗಣಿತದ ಮೇಡಂ