ಹಾರಿಸಿದ ಹುಬ್ಬು

ಸುವಾ, ಆಗಸ್ಟ್ ೧೪

ನನ್ನ ಪ್ರೀತಿಯ ಅತ್ತೆಮಗಳು ಉನೈಸಿಗೆ,

ನಿನ್ನ ಕಾಗದ ತಲುಪಿತು. ಆಫೀಸಿನ ಇಮೇಲನ್ನು ಎಲ್ಲರೂ ಇಣುಕುತ್ತಾರೆ, ಅದಕ್ಕೇ ನಾನೂ ಕೈಯಲ್ಲೇ ಬರೆಯುತ್ತಿದ್ದೇನೆ. ವನುವಾಟುವಿನ ಆ ಪೋರ್ಟ್ ವಿಲಾದ ಆಫೀಸಿಗೆ ನೀಲಿ ಪರದೆ ಹಾಕಿಸಿದ್ದೀಯಂತೆ, ಕಿಟಕಿಯಿಂದ ಬಂದರು ಕಾಣುತ್ತದಂತೆ. ಓದಿ ಹೊಟ್ಟೆ ಉರಿಯಿತು. ಅತ್ತೆಮಗಳನ್ನು ರೇಗಿಸುವ ಹಕ್ಕು ನನಗಿದೆ, ಆದರೆ ಇದು ರೇಗಿಸುವ ಮಾತಲ್ಲ.

ಇಲ್ಲಿ ದಿನವೂ ನಿನ್ನದೇ ಜಪ. ಡೆನ್ಮಾರ್ಕಿನಲ್ಲಿ ಕೂತ ನಮ್ಮ ಸಾಹೇಬ ಟೋರ್ಬೆನ್, ಬೇರೆ ದೇಶಗಳ ಶಾಖೆಯವರಿಗೆಲ್ಲ ನಿನ್ನ ಕಥೆ ಹೇಳುತ್ತಾನಂತೆ. ಕಂಪನಿ ಕಳಿಸಿದ ನೀರಿನ ಪಂಪನ್ನು ಊರೊಳಗೇ ಮಾರಿಕೊಂಡಿದ್ದ ಸುವಾ ಶಾಖೆ, ನೋಡಿ, ಈಗ ಪರದೇಶದಲ್ಲಿ ವ್ಯಾಪಾರ ಮಾಡುತ್ತಿದೆ ಅಂತ. ವನುವಾಟುವಿನವರ ಬಿಸ್ಲಾಮಾ ಭಾಷೆಯನ್ನು ಫೋನಿನಲ್ಲೇ ಕಲಿತು ಮೊದಲ ಆರ್ಡರ್ ಹಿಡಿದವಳು ಯಾರು? ಬೆಲೆ ಎತ್ತುವ ಮುಂಚೆ ಮನೆಮಂದಿಯ ಕ್ಷೇಮ ಕೇಳು, ಬಿರುಗಾಳಿಗೆ ಯಾರ ಛಾವಣಿ ಹಾರಿತೆಂದು ತಿಳಿದುಕೊಂಡಿರು ಎಂದು ನಿನಗೆ ಹೇಳಿಕೊಟ್ಟವಳು ಯಾರು? ಅದೆಲ್ಲ ಅವನ ಕಥೆಯಲ್ಲಿಲ್ಲ.

ಆ ದಿನದ್ದು ಇನ್ನೂ ಮರೆತಿಲ್ಲ. ಕಂಪ್ಯೂಟರಿನ ವಿಡಿಯೋ ಕರೆಯಲ್ಲಿ ಟೋರ್ಬೆನ್ ನನ್ನನ್ನೇ ಕೇಳಿದ, "ಸೇರುವಾಯಾ, ವಿಲಾದಲ್ಲಿ ಆಫೀಸು ತೆರೀತೀವಿ. ನೀನು ಹೋಗ್ತೀಯಾ?" ನಾನು ಹುಬ್ಬು ಹಾರಿಸಿದೆ. ಹಾಗೆಂದರೆ ಹೂಂ ಅಂತ ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮೇಲಿನವರೆದುರು ಅದಕ್ಕಿಂತ ಬಾಯಿ ಮಾಡಿದರೆ ದುರಾಸೆ ಅಂದುಕೊಳ್ಳುತ್ತಾರೆ. ಅವನು ಉತ್ತರಕ್ಕೆಂದು ನೋಡುತ್ತಲೇ ಇದ್ದ. ಮತ್ತೊಮ್ಮೆ ಹಾರಿಸಿದೆ. ಪಕ್ಕದಲ್ಲಿದ್ದ ನೀನು ನನ್ನ ಮುಖ ನೋಡಿ, ಅವನ ಕಡೆ ತಿರುಗಿ, "ನಾನು ಹೋಗ್ತೀನಿ ಟೋರ್ಬೆನ್" ಅಂದೆ.

ಹೊರಗೆ ಬಂದು ನನಗೇ ಪಾಠ ಬೇರೆ. "ಅವರ ಹತ್ರ ಹುಬ್ಬೆಲ್ಲ ನಡೆಯಲ್ಲ ಕಣೇ, ಬಾಯಿ ಬಿಡಬೇಕು. ಕಂಪನಿಯವರ ಅಷ್ಟು ತರಬೇತಿಗೆ ಕೂತು ಏನು ಕಲಿತೆ?" ಡ್ರೈವರ್ ಆಪಿಸಾಯಿ ಈಗಲೂ ನನ್ನನ್ನು ಕಂಡರೆ, "ಅಕ್ಕ, ನಿಮ್ಮ ಹುಬ್ಬಿಗೊಂದು ಮೈಕು ಕಟ್ಟಿಸೋಣ" ಅಂತ ನಗುತ್ತಾನೆ. ನಾನೂ ನಗುತ್ತೇನೆ, ಆಮೇಲೆ ಸ್ಟೋರ್ ರೂಮಿಗೆ ಹೋಗಿ ಅಳುತ್ತೇನೆ.

ನಿನ್ನ ಒಂದು ವರ್ಷ ಮುಗಿಯುತ್ತಾ ಬಂತು, ಇನ್ನೊಂದು ವರ್ಷ ಕೊಡುವಂತೆ ಟೋರ್ಬೆನ್‌ಗೆ ನಾನೊಂದು ಮಾತು ಹೇಳಬೇಕು ಅಂತ ಬರೆದಿದ್ದೀಯ. ಹೇಳುತ್ತೇನೆ. ಬಂಧುಗಳು ಕೇಳಿಕೊಂಡರೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲವಲ್ಲ.

ಅತ್ತೆ ಚೆನ್ನಾಗಿದ್ದಾರೆ. ನಿನ್ನೆ ದಾಲೋ ಗೆಡ್ಡೆ ಬೇಯಿಸಿ ಕಳಿಸಿದ್ದರು.

ನಿನ್ನ ಮಾವನ ಮಗಳು,
ಸೇರುವಾಯಾ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಟೋರ್ಬೆನ್ ಕಂಪ್ಯೂಟರಿನಲ್ಲಿ ಕರೆದ. ನೀನು ಹೇಳಿದ್ದನ್ನು ಹೇಳಿದೆ, ಒಂದಕ್ಷರ ಬಿಡಲಿಲ್ಲ. "ಅದಿರಲಿ, ನಿನಗೇ ಹೋಗೋ ಮನಸ್ಸಿದೆಯಾ?" ಅಂತ ಕೇಳಿದ. ಹುಬ್ಬು ತಾನಾಗಿ ಹಾರಿತು. ಅವನು ಅವತ್ತಿನ ಹಾಗೇ ನೋಡುತ್ತಾ ಕೂತ. ನೀನು ಕಲಿಸಿದ್ದು ನೆನಪಾಯಿತು. ಬಾಯಿ ಬಿಟ್ಟು ಹೇಳಿದೆ. ನೀನು ವಾಪಸ್ ಬರುವಾಗ ಆ ನೀಲಿ ಪರದೆ ಬಿಚ್ಚಬೇಡ.