ಕೃತಿಗೆ ಹೊಲಿದ ಚೌಕಳಿ ಅಂಗಿ

ಟಾಲಾ, ಡಬ್ಲಿನ್
13 ಜುಲೈ 2025, ಭಾನುವಾರ

ಪ್ರೀತಿಯ ಬಸಲಿ,

ನಿನ್ನ ಅನಸೂಯಾಳ ನೆನಪುಗಳು, ಜೊತೆಗೆ ಕಿವಿ ಹಿಡಿದುಕೊಂಡು ಎರಡು ತಪ್ಪೊಪ್ಪಿಗೆ. ಯುಗಾದಿಗೆ ಬಂದ ನಿನ್ನ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ, ಇದು ಒಂದು. ಎರಡನೆಯದು ದೊಡ್ಡದು. ನಾನು ಈ ದೇಶಕ್ಕೆ ಹೊರಟಾಗ ನೀನು ಮಡಿಲಿಗೆ ಹಾಕಿದ್ದ ಇಳಕಲ್ ಚೌಕಳಿ ಸೀರೆಯನ್ನು ಕತ್ತರಿಸಿಬಿಟ್ಟೆ. ತಡಿ, ಈಗಲೇ ಬೈಯಬೇಡ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಿನಗೆ ಕಿವಿ ಮಂದವಾದ ಮೇಲೆ ನಾನು ಕಿರುಚುವುದು, ನೀನು "ಏನಂದೀ?" ಎನ್ನುವುದು, ನಿಮ್ಮ ಓಣಿಗೆಲ್ಲ ನಮ್ಮ ಮನೆ ಸಮಾಚಾರ. ಇದು ಕಿರುಚಿ ಹೇಳುವಂಥದ್ದಲ್ಲ. ಮೊಮ್ಮಗಳು ಐಶು ಓದಿ ಹೇಳುತ್ತೇನೆಂದು ಬಂದರೂ ಕೊಡಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಈ ಸಲ ಇಲ್ಲಿ ಬಿಸಿಲು ಬಿದ್ದಿದೆ ಕಣೇ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಡಿಗ್ರಿ. ದಾವಣಗೆರೆಯವರು ಕೇಳಿದರೆ ನಕ್ಕುಬಿಡುತ್ತೀರಿ, ಇಲ್ಲಿನವರಿಗೆ ಮಾತ್ರ ಪ್ರಳಯ. ಅಂಗಡಿಗಳಲ್ಲಿ ಫ್ಯಾನು ಖಾಲಿ. ಪಕ್ಕದ ಮನೆಯ ಅಜ್ಜ ಚಡ್ಡಿ ಹಾಕಿಕೊಂಡು ಹಿತ್ತಲಲ್ಲಿ ಮಲಗಿ ಟೊಮೆಟೊ ಬಣ್ಣಕ್ಕೆ ತಿರುಗಿದ್ದಾರೆ. "ಹೇಗಿದ್ದೀರಿ?" ಎಂದು ಕೇಳಿದರೆ ಕಣ್ಣು ಬಿಡದೆ "ಗ್ರ್ಯಾಂಡ್!" ಎನ್ನುತ್ತಾರೆ, ಇಲ್ಲಿನವರ ಬಾಯಲ್ಲಿ ಎಲ್ಲ ಚೆನ್ನಾಗಿದೆ ಎಂದರ್ಥ. ನನಗಂತೂ ಈ ಬಿಸಿಲು ಇಷ್ಟ. ಕಿಟಕಿ ತೆಗೆದು ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಸಾಕು, ಸತ್ಯಪ್ರಕಾಶ್ ಮಾಸ್ತರ ಕ್ಲಾಸಿಗೇ ಹೋಗಿಬಿಡುತ್ತೇನೆ. ಆ ತಗಡಿನ ಮಾಡು, ಮೇ ತಿಂಗಳ ಧಗೆ, ಒಂದೇ ಮೆಷಿನ್ನಿಗೆ ನಾವಿಬ್ಬರು. ಬೆವರು ಬಟ್ಟೆಯ ಮೇಲೆ ಬೀಳಬಾರದೆಂದು ಮಾಸ್ತರು ನಮ್ಮ ಹಣೆಗೆ ಕರ್ಚೀಫು ಕಟ್ಟಿಸುತ್ತಿದ್ದರಲ್ಲ? ನೀನೊಮ್ಮೆ ಅದನ್ನು ಬಿಚ್ಚುವುದನ್ನೇ ಮರೆತು ಬೆಣ್ಣೆದೋಸೆ ತಿನ್ನಲು ಬಂದೆ. ಹೋಟೆಲಿನವನು "ಯಾಕಕ್ಕಾ, ತಲಿನೋವೇನು?" ಎಂದು ಕೇಳಿದ. ನಾನು ನಕ್ಕು ನಕ್ಕು ದೋಸೆ ನೆತ್ತಿಗೇರಿ ಸಾಯುವುದರಲ್ಲಿದ್ದೆ. ಆ ವಯಸ್ಸು ಯಾರಾದರೂ ವಾಪಸು ಕೊಡುತ್ತಾರೆಂದರೆ ಕಣ್ಣು ಮುಚ್ಚಿಕೊಂಡು ಇಸಿದುಕೊಳ್ಳುತ್ತೇನೆ.

ಸೀರೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಕೃತಿ ಇಲ್ಲಿನ ಪೊಲೀಸ್ ಸೇರಿದ್ದು ನಿನಗೆ ಗೊತ್ತು. ಹೋದ ಚಳಿಗಾಲದಿಂದ ಅವಳು ಮಫ್ತಿಯ ತಂಡದಲ್ಲಿದ್ದಾಳೆ, ಡಿಟೆಕ್ಟಿವ್. ಇಲ್ಲೊಂದು ವಿಚಿತ್ರ ಕೇಳು. ಯೂನಿಫಾರ್ಮು ಹಾಕಿದ ಸಾಮಾನ್ಯ ಪೊಲೀಸರ ಹತ್ತಿರ ಬಂದೂಕೇ ಇರುವುದಿಲ್ಲ, ಮಫ್ತಿಯಲ್ಲಿರುವ ಇವರ ಹತ್ತಿರ ಇರುತ್ತದೆ. ಹೌದು, ನಮ್ಮ ಕೃತಿಯ ಸೊಂಟದಲ್ಲಿ ಪಿಸ್ತೂಲು. ಬಲಗಡೆ, ಬೆಲ್ಟಿಗೆ. ಡ್ಯೂಟಿ ಮುಗಿದ ಮೇಲೆ ಸ್ಟೇಷನ್ನಿನಲ್ಲಿಟ್ಟು ಬರುತ್ತಾಳೆ, ಮನೆಗೆ ತರುವುದಿಲ್ಲ. ನಾನು ಇವತ್ತಿನವರೆಗೂ ಅದನ್ನು ಕಣ್ಣಾರೆ ನೋಡಿಲ್ಲ.

ಚಳಿಗಾಲದಲ್ಲಿ ತೊಂದರೆ ಇರಲಿಲ್ಲ, ದಪ್ಪ ಜಾಕೆಟ್ಟಿನೊಳಗೆ ಆನೆಯನ್ನೂ ಮುಚ್ಚಿಡಬಹುದು. ಈ ಬಿಸಿಲಿಗೆ ಏನು ಮಾಡುವುದು? ಊರೆಲ್ಲ ಬನಿಯನ್ನಿನಲ್ಲಿ ಓಡಾಡುವಾಗ ಒಬ್ಬಳೇ ಜಾಕೆಟ್ ಹಾಕಿಕೊಂಡರೆ, ನಾನು ಪೊಲೀಸು ಎಂದು ಹಣೆಗೆ ಬರೆದುಕೊಂಡ ಹಾಗೆ. ತೆಳು ಟಾಪ್ ಹಾಕಿದರೆ ಪಿಸ್ತೂಲಿನ ಹಿಡಿ ಹೊರಗೆ ಉಬ್ಬಿ ಕಾಣುತ್ತದೆ. ತಂಡದ ಗಂಡಸರಿಗೆ ದೊಗಳೆ ಶರಟು ಸಾಕು, ಅವರ ಸೊಂಟ ಕಂಬದ ಹಾಗೆ ನೆಟ್ಟಗಿರುತ್ತದೆ. ಹೆಂಗಸರ ಸೊಂಟ ಒಳಗೆ ಹೋಗಿ ಹೊರಗೆ ಬರುತ್ತದಲ್ಲ, ಹಿಡಿ ಪಕ್ಕೆಗೆ ಒತ್ತಿ ಹೊರಗೆ ವಾಲುತ್ತದಂತೆ. ತಂಡದಲ್ಲಿರುವ ಹೆಂಗಸು ಇವಳೊಬ್ಬಳೇ, ಹೇಳಿಕೊಡುವವರು ಯಾರೂ ಇಲ್ಲ.

ಹೋದ ತಿಂಗಳು ಟ್ರಾಮಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನ ಮೇಲೆ ಕಣ್ಣಿಟ್ಟು ನಿಂತಿದ್ದಾಳೆ. ಗಾಳಿ ಬೀಸಿ ಅಂಗಿ ಎದ್ದಿದೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ "ಮಮ್ಮಿ, ಆ ಲೇಡಿ ಹತ್ರ ಗನ್ ಇದೆ!" ಎಂದು ಇಂಗ್ಲಿಷಿನಲ್ಲಿ ಕೂಗಿದಳಂತೆ. ಅವರು ಹಿಂಬಾಲಿಸುತ್ತಿದ್ದವನು ಅಲ್ಲಿಂದ ಪರಾರಿ. ಸಾರ್ಜೆಂಟು ಕರೆದು, ಇನ್ನೊಂದು ಸಲ ಹೀಗಾದರೆ ನಿನ್ನನ್ನು ತಂಡದಿಂದ ತೆಗೆದು ಆಫೀಸಿನಲ್ಲಿ ಕೂರಿಸಬೇಕಾಗುತ್ತದೆ ಎಂದರಂತೆ. ಕೃತಿ ತನ್ನ ಫ್ಲಾಟಿಗೂ ಹೋಗದೆ ಇಲ್ಲಿಗೆ ಬಂದವಳೇ ಸೋಫಾದ ಮೇಲೆ ಬಿದ್ದುಕೊಂಡು ಅತ್ತಳು. "ಅಮ್ಮ, ಐದು ವರ್ಷ ಇದಕ್ಕೇ ಕಷ್ಟಪಟ್ಟಿದೀನಿ. ಒಂದು ಶರ್ಟ್‌ಗೋಸ್ಕರ ಹೋಗಿಬಿಡತ್ತೆ, ಕ್ಯಾನ್ ಯು ಬಿಲೀವ್ ಇಟ್?" ಎಂದಳು.

ಆಮೇಲೆ ಕಣ್ಣೊರೆಸಿಕೊಂಡು, "ನೀನು ಹೊಲಿದುಕೊಡ್ತೀಯಾ?" ಎಂದು ಕೇಳಿದಳು. ಶಾಲೆಯ ಯೂನಿಫಾರ್ಮಿನ ಕಾಲ ಮುಗಿದ ಮೇಲೆ ಅವಳು ನನ್ನನ್ನು ಈ ಮಾತು ಕೇಳಿಯೇ ಇರಲಿಲ್ಲ. ನಾನು ಎಷ್ಟು ಹಿಗ್ಗಿದೆನೆಂದರೆ, ಯಾವುದಕ್ಕೆ ಹೊಲಿಯುತ್ತಿದ್ದೇನೆ ಎಂಬುದು ಒಂದು ಗಳಿಗೆ ಮರೆತೇ ಹೋಯಿತು.

ಅಳತೆ ತೆಗೆಯಬೇಕು, ಆದರೆ ಪಿಸ್ತೂಲು ಮನೆಗೆ ಬರುವ ಹಾಗಿಲ್ಲ. ಅಡುಗೆಮನೆಯೆಲ್ಲ ಹುಡುಕಿದೆ. ಕೊನೆಗೆ ಅತ್ತೆಯ ಕಾಲದ ಹಿತ್ತಾಳೆ ಅಡಕೊತ್ತು ಸಿಕ್ಕಿತು. ಉದ್ದ ಹೆಚ್ಚು ಕಡಿಮೆ ಅಷ್ಟೇ ಎಂದಳು ಕೃತಿ. ಅದನ್ನೇ ಬೆಲ್ಟಿಗೆ ಕಟ್ಟಿಕೊಂಡು ಕೈಯೆತ್ತಿ ನಿಂತಳು. ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ಅವ್ವ ಎಲೆಯಡಿಕೆ ಸಂಚಿ, ಬೀಗದ ಕೈ, ಸಂತೆ ದುಡ್ಡು, ನಶ್ಯದ ಡಬ್ಬಿ ಎಲ್ಲವನ್ನೂ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗಿ ಬರುತ್ತಿದ್ದರಲ್ಲ, ಯಾರಿಗಾದರೂ ಕಾಣುತ್ತಿತ್ತೇ? ಕೃತಿಗೆ ಇದನ್ನು ಹೇಳಿದೆ. "ಷಿ ವಾಸ್ ಅ ಲೆಜೆಂಡ್!" ಎಂದಳು. ನಿಮ್ಮ ಅವ್ವ ಈಗ ಡಬ್ಲಿನ್ನಿನಲ್ಲೂ ಪ್ರಸಿದ್ಧ.

ಆ ಹೊತ್ತಿಗೆ ಇವರು ಒಳಗೆ ಬಂದರು. ಭಾಸ್ಕರ ಡಾಕ್ಟರು ಮಾತು ಕಡಿಮೆ ಎಂದು ನೀನು ಮದುವೆಯಲ್ಲೇ ಹೇಳಿದ್ದೆ, ರಿಟೈರಾದ ಮೇಲೆ ಇನ್ನೂ ಕಡಿಮೆಯಾಗಿದೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಜನ್ ಆಗಿದ್ದವರು, ಮಗಳು ಬಂದೂಕಿನ ಕೆಲಸಕ್ಕೆ ಹೋದದ್ದು ಅವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಅವಳ ಹತ್ತಿರ ಊಟ, ಹವಾಮಾನ ಬಿಟ್ಟು ಬೇರೆ ಮಾತಿಲ್ಲ. ಅಡಕೊತ್ತು ನೋಡಿದರು, ನನ್ನ ಮುಖ ನೋಡಿದರು, ಪೇಪರು ತೆಗೆದುಕೊಂಡು ಹೊರಗೆ ಹೋದರು.

ಮಾರನೆಯ ಬೆಳಗ್ಗೆ ಕಾಫಿ ಕುಡಿಯುವಾಗ ಬಾಯಿ ಬಿಟ್ಟರು. "ಅನು, ಒಂದ್ಮಾತು. ಸ್ವಲ್ಪ ತಪ್ಪಾಗಿ ಹೊಲಿ" ಎಂದರು.

"ಏನ್ರೀ ಹಾಗಂದ್ರೆ?"

"ಅರ್ಧ ಇಂಚು ಗಿಡ್ಡ ಮಾಡು. ಇಲ್ಲಾ ಸ್ವಲ್ಪ ಬಿಗಿ ಮಾಡು. ಕಾಣಿಸ್ಲಿ. ಅವಳನ್ನ ಆಫೀಸಲ್ಲಿ ಕೂರಿಸ್ತಾರೆ, ಬದುಕಿರ್ತಾಳೆ. ಗುಂಡು ಬಿದ್ದ ಮೈಯನ್ನ ನಾನು ಬಿಚ್ಚಿ ನೋಡಿದೀನಿ ಅನು, ನೀನು ನೋಡಿಲ್ಲ."

ಹೇಳಿದವರು ಯಾರು ನೋಡು ಬಸಲಿ. ಆಪರೇಷನ್ ಮಾಡುವಾಗ ಒಂದು ಹೊಲಿಗೆಯನ್ನೂ ತಪ್ಪಾಗಿ ಹಾಕದ ಮನುಷ್ಯ.

ನಿಜ ಹೇಳುತ್ತೇನೆ, ಅವರು ಹೇಳುವ ಮೊದಲೇ ಆ ಯೋಚನೆ ನನಗೂ ಬಂದಿತ್ತು. ಅಳತೆ ತೆಗೆಯುವಾಗಲೇ ಬಂದಿತ್ತು. ಯಾವ ತಾಯಿಗೆ ಬರುವುದಿಲ್ಲ ಹೇಳು? ಒಂದು ಹೊಲಿಗೆ ಆಚೀಚೆಯಾದರೆ ಮಗಳು ಕುರ್ಚಿಯಲ್ಲಿ ಕೂತು, ಫೈಲು ನೋಡಿ, ಸಂಜೆ ಮನೆಗೆ ಬರುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ಕತ್ತರಿ ಮುಟ್ಟಲಿಲ್ಲ. ಕೃತಿ ಫೋನು ಮಾಡಿ "ಆಯ್ತಾ ಅಮ್ಮ?" ಎಂದರೆ ಬೆನ್ನು ನೋವು ಎಂದು ಸುಳ್ಳು ಹೇಳಿದೆ.

ಆಗ ನೀನೇ ನೆನಪಾದೆ. ಆ ಜೋರಿನ ಹೆಂಗಸು ನಿನ್ನನ್ನು ಬೈದು ಹೋದಳೆಂದು, ಅವಳ ಮಗಳ ಮದುವೆ ರವಿಕೆಯನ್ನು ಬೇಕೆಂದೇ ತೋಳು ಬಿಗಿ ಮಾಡಿ ಹೊಲಿದೆಯಲ್ಲ? ಮಾಸ್ತರು ತೋಳಿನೊಳಗೆ ಎರಡು ಬೆರಳು ತೂರಿಸಿ ನೋಡಿದರು. ಬೈಯಲೂ ಇಲ್ಲ. "ಇನ್ನೊಬ್ರ ಎದುರಿಗೆ ಕೈ ಎತ್ತಿ ನಿಂತು ಮೈ ಅಳತಿ ಕೊಡಾಕ ಎಷ್ಟು ನಂಬಿಕಿ ಬೇಕು ಗೊತ್ತೇನಮ್ಮ?" ಎಂದರು. ನೀನು ಅಳುತ್ತಾ ಬಿಚ್ಚಿ ಮತ್ತೆ ಹೊಲಿದೆ, ನಾನು ದಾರ ಪೋಣಿಸಿಕೊಟ್ಟೆ. ಕೃತಿಯೂ ನನ್ನೆದುರು ಹಾಗೇ ಕೈಯೆತ್ತಿ ನಿಂತಿದ್ದಳು, ಎರಡನೇ ಕ್ಲಾಸಿನಲ್ಲಿ ನಿಂತಿದ್ದ ಹಾಗೆಯೇ. ನನ್ನ ಕೈಯಲ್ಲಿ ಆಗಲಿಲ್ಲ ಬಸಲಿ. ಇವರಿಗೆ "ನಾನು ಸರಿಯಾಗೇ ಹೊಲೀತೀನಿ, ನೀವು ಏನಾದ್ರೂ ಅಂದ್ಕೊಳ್ಳಿ" ಎಂದೆ. ಎದ್ದು ಹೋದರು.

ಅಂಗಡಿಯ ಬಟ್ಟೆ ಯಾವುದೂ ಹೊಂದಲಿಲ್ಲ. ರೇಯಾನು ಬೆವರಿಗೆ ಮೈಗೆ ಅಂಟುತ್ತದೆ. ಲಿನನ್ನು ಗಾಳಿಗೆ ಹಾರುತ್ತದೆ. ಒಂದೇ ಬಣ್ಣದ ಬಟ್ಟೆಯಲ್ಲಿ ಒಳಗಿನ ಗೆರೆ ಎದ್ದು ಕಾಣುತ್ತದೆ. ಕೈಮಗ್ಗದ ಹತ್ತಿ ಬೇಕು: ಬಿರುಸಾಗಿ ಮೈಯಿಂದ ದೂರ ನಿಲ್ಲುವಂಥದ್ದು, ಸಣ್ಣ ಚೌಕಳಿ ಇರುವಂಥದ್ದು. ಅಂಥದ್ದು ಇಡೀ ಐರ್ಲೆಂಡಿನಲ್ಲಿ ನನ್ನ ಟ್ರಂಕಿನಲ್ಲಿ ಮಾತ್ರ ಇತ್ತು. ನಿನ್ನ ಸೀರೆ ತೆಗೆದು ಮೂಸಿ ನೋಡಿದೆ, ಕಣ್ಣಿಗೆ ಒತ್ತಿಕೊಂಡೆ, ಕತ್ತರಿ ಹಾಕಿದೆ. ಸೆರಗು ಮುಟ್ಟಿಲ್ಲ, ಹಾಗೇ ಇದೆ.

ಗಾಳಿಗೆ ಏಳದಿರಲು ಏನು ಮಾಡಿದೆ ಗೊತ್ತೇ? ಸೀರೆಗೆ ನೀನೇ ಕೈಯಾರೆ ಹಚ್ಚಿದ್ದ ಫಾಲನ್ನು ಬಿಚ್ಚಿ ಅಂಗಿಯ ಕೆಳಗಂಚಿನ ಒಳಗೆ ಸುತ್ತಲೂ ಹಾಕಿದೆ. ನೆರಿಗೆ ನಿಲ್ಲಿಸುವ ಫಾಲು ಅಂಗಿಯನ್ನು ನಿಲ್ಲಿಸುವುದಿಲ್ಲವೇ? ಸಾರ್ಜೆಂಟನಿಗೇನು ಗೊತ್ತು ಫಾಲು! ಬಲಗಡೆ ಸೊಂಟಕ್ಕೆ ಒಂದು ಸಣ್ಣ ನೆರಿಗೆ ಕೊಟ್ಟು ಜಾಗ ಬಿಟ್ಟೆ. ಎರಡು ಪಕ್ಕ ಚೂಡಿದಾರದ ಹಾಗೆ ಸೀಳು, ಸೀಳಿನ ತುದಿಗೆ ಬಿಗಿ ಹೊಲಿಗೆ.

ಹೋದ ಭಾನುವಾರ ಕೃತಿ ಹಾಕಿಕೊಂಡು ಹಿತ್ತಲಲ್ಲಿ ನಿಂತಳು, ಸೊಂಟದಲ್ಲಿ ಅಡಕೊತ್ತು. ಇವರು ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾನು ಅವಳ ಸುತ್ತ ತಿರುಗಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಪೇಪರು ಕೆಳಗಿಟ್ಟು "ತಿರುಗು" ಎಂದರು. ಕೃತಿ ಗಾಬರಿಯಾಗಿ ತಿರುಗಿದಳು. "ಕೈ ಮೇಲೆತ್ತು. ಕೂತ್ಕೋ. ಏಳು. ನೆಲದ ಮೇಲಿಂದ ಏನಾದ್ರೂ ತಗೋ. ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು." ಪೇಷಂಟನ್ನು ನೋಡುವ ಹಾಗೆ ಎಲ್ಲ ಕಡೆಯಿಂದಲೂ ನೋಡಿದರು. ಮನಸ್ಸು ಒಪ್ಪದಿದ್ದರೂ ಮಗಳ ಮುಂದೆ ಸುಳ್ಳು ಹೇಳಲು ಅವರಿಗೂ ಬರಲಿಲ್ಲ.

"ಕಾಣಲ್ಲ" ಎಂದರು.

ಕೃತಿ ಹೋಗಿ ಅವರನ್ನು ತಬ್ಬಿಕೊಂಡಳು. ಇವರು ಎರಡು ಕೈಯನ್ನೂ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು, ಆಮೇಲೆ ಅವಳ ತಲೆಯ ಮೇಲಿಟ್ಟರು. ನಾನು ಒಳಗೆ ಬಂದು ಚೆನ್ನಾಗಿ ಅತ್ತೆ.

ಸೋಮವಾರದಿಂದ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾಳೆ. ಸಾರ್ಜೆಂಟು ನೋಡಿ, ಎಲ್ಲಿ ಕೊಂಡೆ ಎಂದು ಕೇಳಿದರಂತೆ. "ಅಮ್ಮನ ಫ್ರೆಂಡ್ ಕೊಟ್ಟಿದ್ದು" ಎಂದಳಂತೆ ನಮ್ಮ ಹುಡುಗಿ. ತಂಡದಲ್ಲಿ ಉಳಿದಿದ್ದಾಳೆ. ಈಗ ಬೈ, ಬೈಯುವುದಿದ್ದರೆ.

ನಿನ್ನ ಮಂಡಿನೋವಿಗೆ ಇವರು ಹೇಳಿದ ವ್ಯಾಯಾಮ ಬಿಡಬೇಡ. ಐಶುವಿಗೆ ಒಳ್ಳೆಯ ಕಾಲೇಜು ಸಿಗಲಿ, ಆ ಜಾಣೆಯ ತಲೆ ನೇವರಿಸಿ ನನ್ನ ಆಶೀರ್ವಾದ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಒಲೆಯ ಮೇಲೆ ಯಾವಾಗಲೂ ಏನಾದರೂ ಕುದಿಯುತ್ತಿರಲಿ.

ನಿನ್ನ,
ಅನು

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಕೃತಿ ನಿನ್ನೆ ಒಗೆಯುವ ಬಟ್ಟೆ ತಂದಿದ್ದಳು. ಕೆಲಸ ಹೇಗಿತ್ತೆಂದು ಕೇಳಿದ್ದಕ್ಕೆ "ಗ್ರ್ಯಾಂಡ್, ಅಮ್ಮ. ಫುಲ್ ಬೋರಿಂಗ್" ಎಂದು ಚಿತ್ರಾನ್ನ ಎರಡು ಸಲ ಬಡಿಸಿಕೊಂಡಳು. ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ ಒಣಹಾಕಿದವರು ಇವರು. ನಾನು ಈಗಷ್ಟೇ ಆ ಅಂಗಿಯನ್ನು ಇಸ್ತ್ರಿಗೆ ತೆಗೆದುಕೊಂಡೆ. ಬಲಗಡೆ ಸೀಳಿನ ತುದಿಯಿಂದ ಮೇಲಕ್ಕೆ ಒಂದು ಗೇಣು ನನ್ನ ಹೊಲಿಗೆ ಕಿತ್ತುಹೋಗಿದೆ. ನಾನು ಹಾಕಿದ ಹೊಲಿಗೆ ತಾನಾಗಿ ಬಿಚ್ಚುವುದಿಲ್ಲ, ನಿನಗೆ ಗೊತ್ತು. ಅಂಚು ಹಿಡಿದು ಒಂದೇ ಏಟಿಗೆ ಮೇಲಕ್ಕೆ ಜಗ್ಗಿದರೆ ಮಾತ್ರ ಹಾಗೆ ಕೀಳುತ್ತದೆ, ಪಿಸ್ತೂಲು ತೆಗೆಯಬೇಕಾದರೆ ಜಗ್ಗುವ ಹಾಗೆ.

ಕಿತ್ತ ಜಾಗವನ್ನು ಆಗಲೇ ಯಾರೋ ಹೊಲಿದಿದ್ದಾರೆ ಬಸಲಿ. ಪ್ರತಿ ಹೊಲಿಗೆಗೂ ಬೇರೆ ಬೇರೆ ಗಂಟು, ಗಂಟು ಗಂಟಿಗೂ ದಾರ ಕತ್ತರಿಸಿದೆ. ಬಟ್ಟೆ ಹೊಲಿಯುವವರು ಹಾಗೆ ಹೊಲಿಯುವುದಿಲ್ಲ. ಗಾಯ ಹೊಲಿಯುವವರು ಹಾಗೆ ಹೊಲಿಯುತ್ತಾರೆ. ಹೊರಗಿನಿಂದ ಏನೂ ಕಾಣದ ಹಾಗೆ ಹೊಲಿದಿದ್ದಾರೆ.

ಇವರು ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದಾರೆ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ. ಹೆದರಿಕೆಯಾಗುತ್ತಿದೆ ಕಣೇ, ತುಂಬ ಹೆದರಿಕೆಯಾಗುತ್ತಿದೆ. ಸಂಜೆ ಕೃತಿ ಬಂದು ಅಂಗಿ ಕೇಳುತ್ತಾಳೆ. ಇಸ್ತ್ರಿ ಮಾಡಿ ಇಟ್ಟಿದ್ದೇನೆ, ಕೊಡುತ್ತೇನೆ.