ಒಂದು ತಾಸಿನ ಕೆಲಸ

ವಿಜಯವಾಡ
14 ನವೆಂಬರ್ 2006

ಧೀರಜನ ಅಪ್ಪನವರಿಗೆ ರೇಣುಕಾಳ ನಮಸ್ಕಾರ.

ಕವರಿನ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ನಾನು ಆರೋಗ್ಯವಾಗಿದ್ದೇನೆ. ಉಮಾದೇವಿ ಅಕ್ಕ, ಭಾವ ಇಬ್ಬರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಬೆಂಜ್ ಸರ್ಕಲ್ಲಿನ ಗದ್ದಲಕ್ಕೆ ಕಿವಿ ಒಗ್ಗಿಹೋಗಿದೆ; ಈಗ ವೈಜಾಗಿನ ನಮ್ಮ ಪ್ಲಾಂಟ್ ಟೌನ್‌ಶಿಪ್ಪಿನ ಮೌನದಲ್ಲಿ ಮಲಗಿಸಿದರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಅಕ್ಕನ ಕನ್ನಡ ಅರ್ಧಕ್ಕರ್ಧ ತೆಲುಗಾಗಿದೆ, ಬಯ್ಯುವಾಗ ಮಾತ್ರ ಇನ್ನೂ ಅಪ್ಪಟ ಹೊಸಪೇಟೆಯದು. ಫೋನ್ ಇರುವಾಗ ಪತ್ರ ಯಾಕ ಬರೀತಿ, ಹುಚ್ಚಿ ಎಂದು ಬಯ್ದಳು. ಫೋನಿನಲ್ಲಿ ಅವರು ನಡುವೆ ಬಾಯಿ ಹಾಕುತ್ತಾರೆ, ಇದನ್ನು ಅವರು ಕೊನೆತನಕ ಕೇಳಬೇಕು ಎಂದೆ. ನೀವು ಟೆಂಡರ್ ಕಾಗದಗಳನ್ನು ಓದುವಷ್ಟು ತಾಳ್ಮೆಯಿಂದ ಇದನ್ನೂ ಓದಿ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಬರುವ ಡಿಸೆಂಬರ್ ಆರಕ್ಕೆ ನೀವು ಇಲ್ಲಿಯ ಕೋರ್ಟಿಗೆ ಬಂದು ಒಂದು ಮಾತು ಹೇಳಬೇಕು. ಹೋದ ವರ್ಷ ಅಕ್ಕನ ಮನೆಗೆ ಬಂದಾಗ ಕೃಷ್ಣೆಯಲ್ಲಿ ಮುಳುಗಿಹೋದ ನಮ್ಮ ಧೀರಜನನ್ನು ನೀರಿನಿಂದ ಮೇಲೆ ತಂದ ದುರ್ಗಾಪ್ರಸಾದನಿಗೆ ಹತ್ತು ಸಾವಿರ ಕೊಡುತ್ತೇನೆಂದು ಒಪ್ಪಿ, ಕೆಲಸ ಬೇಗ ಮುಗಿಯಿತೆಂದು ನಾಲ್ಕು ಸಾವಿರ ಕೊಟ್ಟಿರಿ ಎಂಬ ಮಾತು. ನೀವಿಬ್ಬರು ದೋಣಿಯ ಹತ್ತಿರ ನಿಂತು ಮಾತಾಡುವಾಗ ನಾನು ಮೇಲಿನ ಮೆಟ್ಟಿಲಿನಲ್ಲಿ ಅಕ್ಕನ ತೊಡೆಯ ಮೇಲೆ ಬಿದ್ದಿದ್ದೆ. ಆ ಒಪ್ಪಂದವನ್ನು ಕೇಳಿದವರು ನೀವು ಮತ್ತು ಅವನು, ಮೂರನೆಯವರಿಲ್ಲ. ಅವನು ಈಗ ಜೈಲಿನಲ್ಲಿದ್ದಾನೆ.

ಯಾಕೆ ಎಂದು ಬರೆಯುತ್ತೇನೆ.

ಅಕ್ಟೋಬರ್ ಕೊನೆಯ ಸೋಮವಾರ ಕಾರ್ತಿಕದ ದೀಪ ಬಿಡಲು ಅಕ್ಕನ ಜೊತೆ ನದಿಗೆ ಹೋಗಿದ್ದೆ. ಧೀರಜ ಹೋದ ಮೇಲೆ ಆ ಸ್ನಾನದ ಘಾಟಿಗೆ ಕಾಲಿಟ್ಟಿರಲಿಲ್ಲ. ಜನ ಗುಂಪುಗೂಡಿದ್ದರು. ಅನಕಾಪಲ್ಲಿಯಿಂದ ಸ್ನಾನಕ್ಕೆಂದು ಬಂದಿದ್ದ ಕುಟುಂಬ, ಬೆಲ್ಲದ ವ್ಯಾಪಾರದವರು. ಅವರ ಮಗ ಅಖಿಲ್ ಬೆಳಿಗ್ಗೆ ಮುಳುಗಿದವನು ಮೇಲೆ ಬಂದಿರಲಿಲ್ಲ. ತಾಯಿ ಸೂರ್ಯಕಾಂತಮ್ಮ ಒದ್ದೆ ಸೀರೆಯಲ್ಲೇ ಕೂತಿದ್ದರು; ಯಾರು ಒಣಗಿದ್ದು ಕೊಟ್ಟರೂ ಉಡಲಿಲ್ಲ. ಅಳುತ್ತಿರಲಿಲ್ಲ, ಮಗ ಬಂದರೆ ತಲೆ ಒರೆಸಬೇಕೆಂದು ಟವೆಲ್ಲನ್ನು ಎದೆಗವಚಿಕೊಂಡಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಬೇರೆ ಯಾರಿಗೂ ಅಲ್ಲಿ ಕೂರಲು ಧೈರ್ಯವಿರಲಿಲ್ಲ, ನನಗಿತ್ತು.

ಅಖಿಲ್‌ನ ಸೋದರಮಾವ ಈಜುಗಾರರನ್ನು ಹುಡುಕುತ್ತಿದ್ದರು. ನದಿಯಲ್ಲಿ ಬಿದ್ದವರನ್ನು ತೆಗೆಯುವ ನಾಲ್ಕೈದು ತಂಡಗಳಿವೆ ಅಲ್ಲಿ, ನಿಮಗೆ ಗೊತ್ತೇ ಇದೆ. ನಾನೇ ಬಾಯಿಬಿಟ್ಟು ಹೇಳಿದೆ. ದುರ್ಗಾಪ್ರಸಾದನನ್ನು ಕರೆಯಿರಿ, ನನ್ನ ಮಗನನ್ನು ನೀರಿಗಿಳಿದು ಒಂದು ತಾಸಿನಲ್ಲಿ ತಂದುಕೊಟ್ಟ ಎಂದೆ. ಸೂರ್ಯಕಾಂತಮ್ಮ ನನ್ನ ಕೈ ಹಿಡಿದುಕೊಂಡು, ಒಂದು ತಾಸು, ಒಂದು ತಾಸು ಎಂದು ಎರಡು ಸಲ ಹೇಳಿಕೊಂಡರು. ಅವನನ್ನು ಕರೆಸಿದರು. ಹತ್ತು ಸಾವಿರಕ್ಕೇ ಮಾತಾಯಿತು.

ಅವನು ನನ್ನನ್ನು ಗುರುತು ಹಿಡಿದ. ಆದರೆ ಮುಖ ಕೊಡಲಿಲ್ಲ. ಸಂಜೆಯವರೆಗೆ ಮುಳುಗಿ ಎದ್ದು, ಸಿಗಲಿಲ್ಲ ಎಂದ. ಮರುದಿನವೂ ಹಾಗೆಯೇ. ದೋಣಿ ಆ ಕಡೆ ಹೋಗಿ ಈ ಕಡೆ ಬಂತು. ನಾನು ಎರಡು ದಿನವೂ ಆ ತಾಯಿಯ ಜೊತೆ ಕೂತು, ಅವನ ಕೈಗುಣ ನನಗೆ ಗೊತ್ತು, ಸಿಕ್ಕೇ ಸಿಗುತ್ತಾನೆ ಎಂದು ಹೇಳುತ್ತಾ ಹೋದೆ. ಬುಧವಾರ ಮಧ್ಯಾಹ್ನ ಹುಡುಗನನ್ನು ತಂದ. ಸೋದರಮಾವ ಮುಂದೆ ಬಂದು ಬಟ್ಟೆ ಮುಚ್ಚಿಬಿಟ್ಟರು. ತಾಯಿ ಎಷ್ಟು ಬೇಡಿಕೊಂಡರೂ ಮುಖ ತೋರಿಸಲಿಲ್ಲ. ತೋರಿಸುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹುಡುಗನ ಸೊಂಟದ ಸುತ್ತ ಹಗ್ಗದ ಗುರುತು ಕಂಡರು. ಹಾಗೆ ಎಲ್ಲ ಹೊರಬಿತ್ತು. ದುರ್ಗಾಪ್ರಸಾದನಿಗೆ ಸೋಮವಾರ ಸಂಜೆಯೇ ಹುಡುಗ ಸಿಕ್ಕಿದ್ದ. ಪ್ರವಾಹ ಎಳೆದುಕೊಂಡು ಹೋಗಬಾರದೆಂದು ನೀರಿನೊಳಗಿನ ಹಳೆಯ ಕಲ್ಲಿನ ಕಂಬಕ್ಕೆ ಸೊಂಟ ಸೇರಿಸಿ ಕಟ್ಟಿ, ಮೇಲೆ ಬಂದು, ಇಲ್ಲ ಎಂದಿದ್ದ. ಎರಡು ರಾತ್ರಿ ಆ ಮಗು ಅಲ್ಲಿ ಕಟ್ಟಿಸಿಕೊಂಡು ನಿಂತಿತ್ತು. ಮೇಲೆ ನಾವು ಕೂತಿದ್ದೆವು.

ಜನ ಅವನನ್ನು ಹೊಡೆದರು. ಪೊಲೀಸರು ಬಿಡಿಸಿ ಒಳಗೆ ಹಾಕಿದರು. ಹೆಚ್ಚು ದುಡ್ಡು ಕೀಳಲು ಹೆಣ ಬಚ್ಚಿಟ್ಟ ಎಂದು ಕೇಸು.

ಮೊದಲ ನಾಲ್ಕು ದಿನ ನಾನೂ ಅವನಿಗೆ ಶಾಪ ಹಾಕಿದೆ. ಇವತ್ತಿಗೂ ಅವನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಐದನೆಯ ದಿನ ಅವನ ಮನೆ ಹುಡುಕಿಕೊಂಡು ಹೋದದ್ದು ಬಯ್ಯಲಿಕ್ಕೇ. ಹೆಂಡತಿ ಕೋಟೇಶ್ವರಮ್ಮ ಬಾಗಿಲಲ್ಲಿ ಮೀನು ಹೆಚ್ಚುತ್ತಿದ್ದಳು. ನಾನು ಬಯ್ದು ಮುಗಿಸುವವರೆಗೂ ಕೇಳಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು, ವೈಜಾಗ್ ಸಾರ್ ಹೆಂಡತಿ ತಾನೇ ನೀನು ಎಂದಳು. ಅವರ ಕೇರಿಯಲ್ಲಿ ನಮಗೆ ಅದೇ ಹೆಸರು. ನಿಮ್ಮ ಕಥೆ ಅಲ್ಲಿಯ ಎಲ್ಲ ತಂಡಗಳಿಗೂ ಗೊತ್ತು.

ಆ ದಿನ ನೀವು ನಾಲ್ಕು ಸಾವಿರ ಕೈಗಿಟ್ಟಾಗ ದುರ್ಗಾಪ್ರಸಾದ, ಮಾಟ ಅಂಟೇ ಮಾಟ ಕದಾ ಸಾರ್, ಮಾತು ಅಂದರೆ ಮಾತೇ ಅಲ್ಲವಾ ಎಂದನಂತೆ. ನೀವು ಏನೆಂದಿರಿ ಎಂಬುದನ್ನು ನಿಮ್ಮ ಬಾಯಿಂದಲೇ ಕೇಳಿದ್ದೇನೆ: ಒಂದು ತಾಸಿನ ಕೆಲಸಕ್ಕ ಹತ್ತು ಸಾವಿರ ಯಾರ ಕೊಡ್ತಾರ, ಮೂರು ದಿನ ಹಿಡೀತದ ಅಂತ ಒಪ್ಪಿದ್ದು ಎಂದು. ತಂಡದವರು ಅವನ ಮೇಲೆ ತಿರುಗಿಬಿದ್ದರು. ನಿನ್ನ ಆತುರದ ಕೈಯಿಂದ ನಮ್ಮ ಹೊಟ್ಟೆಗೆ ಏಟು ಬಿತ್ತು ಎಂದು ತಿಂಗಳುಗಟ್ಟಲೆ ಅವನನ್ನು ಮುಳುಗಲು ಬಿಡಲಿಲ್ಲವಂತೆ, ಹಗ್ಗ ಹಿಡಿಯಲು ದೋಣಿಯಲ್ಲಿ ಕೂರಿಸಿದರಂತೆ. ಸಿಕ್ಕರೂ ಎರಡು ದಿನ ತಡೆದು ತೆಗೆಯುವುದು, ಆಗ ಕೊಡುವವರಿಗೆ ಕೆಲಸ ಕಾಣುತ್ತದೆ ಎಂದು ಎಲ್ಲರೂ ಕಟ್ಟುಪಾಡು ಮಾಡಿಕೊಂಡರು. ಅದಕ್ಕೆ ಒಪ್ಪಿದ ಮೇಲೆಯೇ ಅವನನ್ನು ಮತ್ತೆ ನೀರಿಗಿಳಿಸಿದರು. ಅಖಿಲ್ ಹಾಗೆ ಸಿಕ್ಕ ಮೊದಲನೆಯವನೋ, ನಡುವೆ ಇನ್ನೆಷ್ಟು ಮಕ್ಕಳೋ, ನಾನು ಕೇಳಲಿಲ್ಲ.

ಬಾಕಿ ಆರು ಸಾವಿರ ನಾನು ಕೊಡುತ್ತೇನೆ ಎಂದೆ. ಈಗ ಕೊಟ್ಟರೆ ನನ್ನ ಗಂಡ ಆ ಹುಡುಗನನ್ನು ಸೋಮವಾರವೇ ತಂದ ಹಾಗಾಗುತ್ತದೆಯೇ ಎಂದಳು. 

ನೀವು ಜಿಪುಣರಲ್ಲ ಎಂದು ನನಗೆ ಗೊತ್ತು. ನನ್ನ ತಮ್ಮನ ಓದಿಗೆ ಕೊಟ್ಟದ್ದನ್ನು ಯಾವತ್ತೂ ಎತ್ತಿ ಆಡಿದವರಲ್ಲ. ಆ ರಾತ್ರಿಯೆಲ್ಲ ರೈಲಿನಲ್ಲಿ ನಿಂತೇ ಬಂದಿರಿ, ಘಾಟಿಗೆ ಬಂದಾಗ ನಿಮ್ಮ ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಇತ್ತು. ಏನು ಮಾಡಬೇಕೆಂದು ತೋಚದ ಮನುಷ್ಯ ತನಗೆ ಬಂದ ಒಂದೇ ವಿದ್ಯೆಯನ್ನು ಮಾಡಿದ. ಕಾಂಟ್ರಾಕ್ಟ್ ಸೆಕ್ಷನ್ನಿನಲ್ಲಿ ಇಪ್ಪತ್ತು ವರ್ಷ ಅದನ್ನೇ ತಾನೇ ಮಾಡಿದ್ದು: ಬೇಗ ಮುಗಿಸಿದನೇ, ಹಾಗಾದರೆ ಅಂದಾಜು ತಪ್ಪು, ಬಿಲ್ಲು ಕಡಿ. ಪ್ಲಾಂಟಿನಲ್ಲಿ ಅದಕ್ಕೆ ನಿಮಗೆ ಶಾಲು ಹೊದಿಸಿದ್ದಾರೆ. ಆದರೆ ರೀ, ನಮ್ಮ ಮಗ ಕೊಳೆಯುವ ಮೊದಲು ನಮಗೆ ಸಿಕ್ಕ. ಅದಕ್ಕೆ ನೀವು ಅವನಿಗೆ ದಂಡ ಹಾಕಿದಿರಿ.

ನಾನು ಯಾಕೆ ಮನೆ ಬಿಟ್ಟೆ ಎಂದು ಊರಿನವರನ್ನೆಲ್ಲ ಕೇಳಿದ್ದೀರಂತೆ. ಮಗನ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಅತ್ತೆ, ನಾದಿನಿಯರು ಹೇಳಿರಬಹುದು. ನಾನೂ ಇಷ್ಟು ದಿನ ಅದೇ ಸುಳ್ಳಿನ ಮರೆಯಲ್ಲಿದ್ದೆ. ನಿಜ ಇದು. ಧೀರಜ ಹೋದ ಒಂಬತ್ತನೆಯ ದಿನ ನಿಮ್ಮ ಆಫೀಸಿನವರು ಮಾತಾಡಿಸಲು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಸಾವಿನ ಮನೆಯಲ್ಲೂ ಸುಲಿಯುವ ಜನ ಇದ್ದಾರೆ ಎಂದು ಯಾರೋ ಅಂದರು. ನೀವು ಹುಷಾರಾದಿರಿ. ಹತ್ತು ಕೇಳಿದ್ದ, ನಾಲ್ಕಕ್ಕೆ ಮುಗಿಸಿದೆ ಎಂದು ಹೇಳಿದಿರಿ. ಅಷ್ಟು ದಿನದಲ್ಲಿ ನಿಮ್ಮ ದನಿಯಲ್ಲಿ ಜೀವ ಕೇಳಿಸಿದ್ದು ಅದೊಂದೇ ಸಲ. ಬಂದವರು ಭೇಷ್ ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ, ನಾವು ದಾಟಿಯೂ ಇರಲಿಲ್ಲ. ಟೀ ಕೊಟ್ಟು ಒಳಗೆ ಬಂದು ನನ್ನ ಸೀರೆಗಳನ್ನು ಬೇರೆ ಮಡಚಿಡಲು ಶುರು ಮಾಡಿದೆ.

ಈಗ ಕೋರ್ಟಿನ ಮಾತು. ಮೀನುಗಾರರ ಸಂಘದವರು ಒಬ್ಬ ವಕೀಲರನ್ನು ಇಟ್ಟಿದ್ದಾರೆ. ದುರ್ಗಾಪ್ರಸಾದ, ನಾನು ಹೆಚ್ಚು ಕೇಳಲಿಲ್ಲ, ಮಾತಾಡಿದ ದುಡ್ಡು ಕೈಗೆ ಸಿಗಲಿ ಎಂದು ಹಾಗೆ ಮಾಡಿದೆ ಎನ್ನುತ್ತಿದ್ದಾನೆ. ಅದನ್ನು ನಂಬಬೇಕಾದರೆ ಮೊದಲು ಒಮ್ಮೆ ಅವನಿಗೆ ಮೋಸವಾಗಿತ್ತು ಎಂದು ಯಾರಾದರೂ ಹೇಳಬೇಕು. ನಾನು ಹೋಗಿ ಹೇಳಿದೆ. ಒಪ್ಪಂದ ಕಿವಿಯಾರೆ ಕೇಳಿದ್ದೀರಾ ಎಂದು ವಕೀಲರು ಕೇಳಿದರು. ಇಲ್ಲ. ಹಾಗಾದರೆ ನಿಮ್ಮ ಯಜಮಾನರೇ ಬರಬೇಕು ಎಂದರು. ಬಂದರೂ ಅವನು ಪೂರ್ತಿ ಬಿಡುಗಡೆಯಾಗುವುದಿಲ್ಲ, ಶಿಕ್ಷೆ ಕಡಿಮೆಯಾಗಬಹುದು. ಮಾಡಿದ್ದಕ್ಕೆ ಅವನು ಉಣ್ಣಲಿ, ಬೇಡ ಎನ್ನುವುದಿಲ್ಲ. ಅವನಿಗೆ ಅದನ್ನು ಕಲಿಸಿದವರು ಹೊರಗೆ ಗೌರವವಾಗಿ ಓಡಾಡುವುದು ನನ್ನಿಂದ ನೋಡಲಾಗದು.

ಪೇಪರಿನಲ್ಲಿ ಬರುತ್ತದೆ. ಟೌನ್‌ಶಿಪ್ಪಿನಲ್ಲಿ ಸಂಜೆ ವಾಕಿಂಗಿಗೆ ಹೋಗುವುದು ಕಷ್ಟವಾಗುತ್ತದೆ. ಭೇಷ್ ಎಂದವರೇ ಮೊದಲು ಮುಖ ತಿರುಗಿಸುತ್ತಾರೆ. ಇದನ್ನೆಲ್ಲ ಯೋಚಿಸಿಯೇ ಕೇಳುತ್ತಿದ್ದೇನೆ. ಬಂದರೆ ನಾನು ನಿಮ್ಮ ಜೊತೆ ರೈಲು ಹತ್ತುತ್ತೇನೆ ಎಂದು ಮಾತು ಕೊಡಲಾರೆ. ನಿಮ್ಮ ಜೊತೆ ಯಾವ ಕರಾರನ್ನೂ ಮಾಡುವ ಶಕ್ತಿ ನನಗಿಲ್ಲ. ಬರದಿದ್ದರೆ ಇದೇ ಕೊನೆಯ ಪತ್ರ.

ಬಿಪಿ ಮಾತ್ರೆ ತಪ್ಪಿಸಬೇಡಿ. ಹೊದಿಕೆಗಳು ಮೇಲಿನ ಕಪಾಟಿನಲ್ಲಿವೆ.

ಡಿಸೆಂಬರ್ ಆರಕ್ಕೆ ಕಾಯುವ,
ಧೀರಜನ ಅಮ್ಮ
ರೇಣುಕಾ

ತಾ.ಕ.: ಸೂರ್ಯಕಾಂತಮ್ಮ ನಿಮ್ಮ ವಿಳಾಸ ಬರೆಸಿಕೊಂಡು ಹೋಗಿದ್ದಾರೆ. ಅನಕಾಪಲ್ಲಿ ನಿಮಗೆ ದೂರವಲ್ಲ, ಒಂದು ದಿನ ಬಾಗಿಲಿಗೆ ಬಂದಾರು. ಒಳಗೆ ಕರೆದು ಕೂರಿಸಿ. ಹೊರಡುವಾಗ ಅವರು ನನ್ನನ್ನು, ನಿಮ್ಮ ಹುಡುಗ ಹೇಗಿದ್ದ ಎಂದು ಕೇಳಿದರು. ಧೀರಜ ಓದುತ್ತಾ ನಿದ್ದೆ ಹೋದವನ ಹಾಗೆ ಇದ್ದ. ನಾನು ಅವನ ಹಣೆಯ ಕೂದಲು ಸರಿಸಿ, ಎರಡೂ ಕೆನ್ನೆಗೆ ಮುತ್ತಿಟ್ಟು ಕಳಿಸಿದೆ. ಅದನ್ನು ಅವರಿಗೆ ಹೇಳಲಾಗಲಿಲ್ಲ. ಒಂದು ರಾತ್ರಿಗೇ ಗುರುತು ಸಿಗದ ಹಾಗಾಗಿತ್ತು, ನಾನೂ ಮುಖ ನೋಡಲಿಲ್ಲ, ಬೇಗ ಸಿಕ್ಕೂ ಏನೂ ಉಪಯೋಗವಾಗಲಿಲ್ಲ ಎಂದೆ. ನಿಮ್ಮನ್ನು ಕೇಳಿದರೆ ನೀವೂ ಹಾಗೆಯೇ ಹೇಳಿ.